ಅಪ್ಪನ ಕಾಲು, ಕಾರಿನ ಬ್ರೇಕು

ಬಂಡಿಯನ್ನು ಓಡಿಸುವುದನ್ನು ಯಾರಾದರೂ ಕಲಿತಾರು, ನಿಲ್ಲಿಸುವುದನ್ನು ಕಲಿಯಲು ವಯಸ್ಸು ಬೇಕು ಎಂದು ನಮ್ಮ ಅಜ್ಜ ಹೇಳುತ್ತಿದ್ದರಂತೆ. ಎತ್ತಿನ ಗಾಡಿಯ ಕಾಲದಲ್ಲಿ ಬೆಳೆದ ಅವರು, ಹಣ ಕಟ್ಟಿ ವರ್ಷಗಟ್ಟಲೆ ಕಾದು, 1970ರಲ್ಲಿ ಒಂದು ಬಿಳಿಯ ಅಂಬಾಸಡರ್ ಕಾರನ್ನು ಘೋಡಗೇರಿಗೆ ತಂದರು. ಊರಿನ ಹೆಸರಿನಲ್ಲಿಯೇ 'ಘೋಡಾ' ಇದೆಯಾದ್ದರಿಂದ ಅದನ್ನು 'ಬಿಳಿ ಕುದುರೆ' ಎಂದು ಕರೆದರು. ಊರಿನ ಹೆಸರಿಗೂ ಕುದುರೆಗೂ ನಿಜವಾಗಿ ಸಂಬಂಧವುಂಟೇ ಎಂಬುದನ್ನು ಸ್ಥಳನಾಮಗಳ ಪಂಡಿತರಿಗೆ ಬಿಟ್ಟಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ಕುದುರೆ ಅಪ್ಪನ ಪಾಲಿಗೆ ಬಂದಿತು. ಅದರ ಲಗಾಮಿನ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಂತ್ರವಿದ್ಯೆಗೂ ನನಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆದರೂ ಕಳೆದ ಕೆಲವು ವರ್ಷಗಳಲ್ಲಿ ಹಳಗನ್ನಡದ ವ್ಯಾಕರಣಕ್ಕಿಂತ ಹೆಚ್ಚಿನ ಹೊತ್ತನ್ನು ಬ್ರೇಕಿನ ವ್ಯಾಕರಣಕ್ಕೆ ಕೊಡಬೇಕಾಯಿತು. ಬ್ರೇಕನ್ನು 'ಗತಿರೋಧಕ' ಎಂದು ಬರೆದರೆ ನನ್ನ ಪದವಿಗೆ ಶೋಭೆಯೇನೋ ಹೌದು. ಆದರೆ ನಮ್ಮ ಗಡಿಸೀಮೆಯಲ್ಲಿ ಆ ಮಾತು ಕೇಳಿದವರು ಮರಾಠಿಯ ಅರ್ಥವನ್ನು ಹಿಡಿದು, ರಸ್ತೆಯ ಮೇಲಿನ ಉಬ್ಬೆಂದು ತಿಳಿಯುವುದೇ ಹೆಚ್ಚು. ಆದ್ದರಿಂದ ಬ್ರೇಕು ಬ್ರೇಕಾಗಿಯೇ ಇರಲಿ.

ಅಂಬಾಸಡರಿನ ಕುಲಗೋತ್ರ ಅನೇಕರಿಗೆ ಗೊತ್ತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟರ್ಸಿನವರು ಅದನ್ನು ತಯಾರಿಸುತ್ತಿದ್ದರು. 2014ರ ಮೇ ತಿಂಗಳಲ್ಲಿ ಆ ಕೆಲಸ ನಿಂತುಹೋಯಿತು. ನಮ್ಮ ಕಾರಿನಂಥ ಹಳೆಯವುಗಳಿಗೆ ನಾಲ್ಕು ಗಾಲಿಗೂ ಡ್ರಮ್ ಬ್ರೇಕುಗಳು. ಪೆಡಲನ್ನು ತುಳಿದರೆ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ಲು ಕೊಳವೆಗಳ ಮೂಲಕ ಆ ಒತ್ತಡವನ್ನು ನಾಲ್ಕೂ ಗಾಲಿಗಳಿಗೆ ಒಯ್ಯುತ್ತದೆ. ಅಲ್ಲಿ ಅರ್ಧಚಂದ್ರಾಕಾರದ ಎರಡು ಶೂಗಳು ಅಗಲಿ, ತಿರುಗುತ್ತಿರುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಇದರಲ್ಲಿ ಬೇರೆ ಯಾರ ಸಹಾಯವೂ ಇಲ್ಲ. ಚಾಲಕನ ಕಾಲೇ ಬಲ, ಕಾಲೇ ಭರವಸೆ. ಸಂತೆಯ ದಿನ ಸಂಕೇಶ್ವರಕ್ಕೆ ಹೋಗಿಬಂದರೆ ಗರಡಿಮನೆಗೆ ಹೋಗಿಬಂದಂತೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಎಪ್ಪತ್ತು ದಾಟಿದ ಮೇಲೆ ಅಪ್ಪನ ಬಲಮೊಣಕಾಲು ಅಸಹಕಾರ ಹೂಡಿತು. ಕಾರನ್ನು ಮಾರಿಬಿಡೋಣವೆಂದು ನಾನು ಒಂದು ಸಂಜೆ ಸೂಚಿಸಿದೆ. ಅಪ್ಪ ಕೋಪಿಸಿಕೊಳ್ಳಲಿಲ್ಲ, ಮೂರು ದಿನ ಮಾತನ್ನೇ ಆಡಲಿಲ್ಲ. ನಾಲ್ಕನೆಯ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, "ಕಾರ್ ಮಾರೂ ಮಾತು ಇನ್ನೊಮ್ಮೆ ತಗೀಬ್ಯಾಡ ತಮ್ಮಾ. ಅವರು ಉಣ್ಣವಲ್ರು" ಎಂದಳು. ಕೊನೆಗೆ ದಾರಿ ತೋರಿಸಿದವನು ನಮ್ಮ ಹಳೆಯ ಮಿಸ್ತ್ರಿ. ಮಾಸ್ಟರ್ ಸಿಲಿಂಡರಿಗೂ ಗಾಲಿಗಳಿಗೂ ನಡುವೆ ಒಂದು ಬೂಸ್ಟರನ್ನು ಕೂಡಿಸಿದರೆ ಮುದಿಗಾಲಿಗೂ ಬ್ರೇಕು ಹಗುರಾಗುತ್ತದೆ ಎಂದು ಅವನು ಹೇಳಿದ. ಅಂಬಾಸಡರಿನ ಕೊನೆಯ ಕಾಲದ ಮಾದರಿಗಳಿಗೆ ಕಾರ್ಖಾನೆಯಿಂದಲೇ ಬೂಸ್ಟರು ಬರುತ್ತಿತ್ತು. ನಮ್ಮದಕ್ಕೆ 2021ರಲ್ಲಿ ಹೊರಗಿನಿಂದ ತಂದು ಜೋಡಿಸಿದೆವು. ಮೊದಲ ದಿನ ಅಪ್ಪ ಹಳೆಯ ಅಭ್ಯಾಸದಂತೆ ಬಲವಾಗಿ ತುಳಿದರು, ಕಾರು ಗಕ್ಕನೆ ನಿಂತು, ಹಿಂದೆ ಕುಳಿತಿದ್ದ ಅವ್ವನ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆ ಮುಂದಿನ ಸೀಟಿಗೆ ಬಂದಿತು. ಅಪ್ಪ ಬಹಳ ದಿನಗಳ ಮೇಲೆ ನಕ್ಕರು.

ಈ ಬೂಸ್ಟರು ಎಲ್ಲಿಂದ ಬಲ ತರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಅನಾಹುತದ ಬೀಜ ಅದರಲ್ಲಿಯೇ ಇದೆ. ಪೆಟ್ರೋಲ್ ಎಂಜಿನು ಉಸಿರನ್ನು ಒಳಗೆಳೆಯುವಾಗ ಅದರ ಮೂಗನ್ನು ಕಾರ್ಬ್ಯುರೇಟರಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಆಗ ಒಳಗಿನ ಕೊಳವೆಯಲ್ಲಿ ಗಾಳಿ ತೆಳುವಾಗಿ ನಿರ್ವಾತಕ್ಕೆ ಸಮೀಪದ ಸ್ಥಿತಿ ಉಂಟಾಗುತ್ತದೆ. ಆ ಹೀರಿಕೆಯನ್ನು ಒಂದು ಹೋಸ್ ಪೈಪಿನ ಮೂಲಕ ದುಂಡನೆಯ ತಗಡಿನ ಡಬ್ಬಿಗೆ ಒಯ್ದಿರುತ್ತಾರೆ. ಡಬ್ಬಿಯ ನಡುವೆ ರಬ್ಬರಿನ ಪರದೆಯೊಂದುಂಟು. ಕಾಲು ಪೆಡಲಿನಿಂದ ದೂರವಿರುವಾಗ ಪರದೆಯ ಎರಡು ಬದಿಗೂ ನಿರ್ವಾತವಿದ್ದು ಅದು ಸುಮ್ಮನಿರುತ್ತದೆ. ಪೆಡಲನ್ನು ತುಳಿದೊಡನೆ ಪುಟ್ಟ ಕವಾಟವೊಂದು ತೆರೆದು ಒಂದು ಬದಿಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಗಾಳಿಯ ಭಾರವೆಂದರೆ ಅಲ್ಪವೆಂದು ತಿಳಿಯಬೇಡಿ. ಸಮುದ್ರಮಟ್ಟದಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಪರದೆಯ ಅಡ್ಡಳತೆ 18 ಸೆಂಟಿಮೀಟರ್ ಎಂದಿಟ್ಟುಕೊಂಡರೆ ವಿಸ್ತೀರ್ಣ 250 ಚದರ ಸೆಂಟಿಮೀಟರಿಗೆ ಮಿಗಿಲಾಗುತ್ತದೆ. ಎರಡು ಬದಿಗಳ ಅಂತರ ಆರು ದಶಾಂಶದಷ್ಟಿದ್ದರೂ ನೂರೈವತ್ತು ಕಿಲೋ ಒತ್ತಡ ಪುಕ್ಕಟೆಯಾಗಿ ಒದಗಿತು! ಐವತ್ತು ಕಿಲೋದ ಮೂರು ಚೀಲಗಳು ಅಪ್ಪನ ಪಾದದ ಜೊತೆಗೆ ಕೂತು ತುಳಿದಂತೆ.

ಇದು ಇಂದಿನ ವಿದ್ಯೆಯಲ್ಲ. ಹಿಸ್ಪಾನೊ-ಸುಯಿಜಾ ಕಂಪನಿಯವರು 1919ರ ತಮ್ಮ ಕಾರಿನಲ್ಲಿ ಓಡುವ ಗಾಡಿಯ ಬಲದಿಂದಲೇ ಬ್ರೇಕಿಗೆ ನೆರವು ಕೊಡುವ ಯುಕ್ತಿಯನ್ನು ತಂದಿದ್ದರು. ರೋಲ್ಸ್-ರಾಯ್ಸಿನವರೂ ಅದನ್ನೇ ಅನುಸರಿಸಿದರು. ನಿರ್ವಾತದ ಉಪಾಯವನ್ನು ರೂಪಿಸಿದವನು ಬೆಲ್ಜಿಯಮ್ಮಿನ ಆಲ್ಬರ್ಟ್ ದವಾಂದ್ರ್. 1928ರಲ್ಲಿ ಅಮೆರಿಕೆಯ ಪಿಯರ್ಸ್-ಆರೋ ಕಾರಿನಲ್ಲಿ ಅದು ಕಾಣಿಸಿಕೊಂಡಿತು.

ಘಟಪ್ರಭಾ ಸ್ಟೇಶನ್ನಿನಲ್ಲಿ ಉಗಿಬಂಡಿಗಳನ್ನು ಕಂಡ ಹಿರಿಯರು 'ನಿರ್ವಾತದ ಬ್ರೇಕು ರೈಲಿಗೂ ಇತ್ತಲ್ಲ' ಎನ್ನಬಹುದು. ಇತ್ತು. ಆದರೆ ರೈಲಿನ ತರ್ಕ ತಿರುವುಮುರುವು. ಅಲ್ಲಿ ನಿರ್ವಾತವಿದ್ದರೆ ಬ್ರೇಕು ಬಿಟ್ಟಿರುತ್ತದೆ. ಸರಪಳಿ ಎಳೆದೋ ಕೊಳವೆ ಕಡಿದೋ ಗಾಳಿ ಒಳನುಗ್ಗಿದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಅಂದರೆ ವ್ಯವಸ್ಥೆ ಕೆಟ್ಟರೆ ರೈಲು ನಿಲ್ಲುತ್ತದೆ. ಕಾರಿನಲ್ಲಿ ನಿರ್ವಾತ ಹೋದರೆ ನೆರವು ಹೋಗುತ್ತದೆ, ಕಾರು ಮಾತ್ರ ಮುಂದೆ ಹೋಗುತ್ತದೆ.

ಇದನ್ನು ನಾವು ಕಲಿತದ್ದು 2022ರ ಡಿಸೆಂಬರಿನ ಒಂದು ಸಂಜೆ, ವಂಟಮೂರಿ ಘಾಟಿನಲ್ಲಿ. ಬೆಳಗಾವಿಯಲ್ಲಿ ಬೀಗರ ಮನೆಯ ಮದುವೆ ಮುಗಿಸಿ ಊರಿಗೆ ಮರಳುತ್ತಿದ್ದೆವು. ಅಪ್ಪ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅವ್ವ ಹಿಂದೆ ನಿದ್ದೆಗಣ್ಣಿನಲ್ಲಿ. ಇಳಿಜಾರು ಬಂದೊಡನೆ ಗೇರನ್ನು ಬಿಡಿಸಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವುದು ಅಪ್ಪನ ಐವತ್ತು ವರ್ಷಗಳ ವ್ರತ. "ಇಳುಕಲದಾಗ ಭೂಮಿತಾಯಿನ ಗಾಡಿ ಎಳೀತಾಳ, ಪೆಟ್ರೋಲ್ ಯಾಕ ಸುಡಬೇಕು?" ಎಂಬುದು ಅವರ ವಾದ. ನಾನು ಲೆಕ್ಕ ಹಾಕಿ ನೋಡಿದ್ದೇನೆ: ಐದು ನಿಮಿಷದ ಇಳಿಜಾರಿನಲ್ಲಿ ಹೀಗೆ ಉಳಿಯುವುದು ಒಂದು ಚಹದ ಬಟ್ಟಲಿನಷ್ಟು ಪೆಟ್ರೋಲು.

ಆ ದಿನವೂ ಕೀಲಿ ತಿರುಗಿತು. ಕಾರು ಸದ್ದಿಲ್ಲದೆ ಜಾರತೊಡಗಿತು. ತಿರುವಿನಲ್ಲಿ ಒಮ್ಮೆ ಬ್ರೇಕು, ಲಾರಿಯೊಂದಕ್ಕೆ ದಾರಿ ಬಿಡುವಾಗ ಇನ್ನೊಮ್ಮೆ. ಅದನ್ನು ದಾಟಿದರೆ ಎದುರಿಗೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು, ಆಮೆಯ ನಡೆಯಲ್ಲಿ, ಹಿಂದೆ ದೀಪವಿಲ್ಲದೆ ಹೋಗುತ್ತಿದೆ. ಅಪ್ಪ ಮೂರನೆಯ ಸಲ ತುಳಿದರು. ಅವರ ಮುಖ ನೋಡಿಯೇ ನನಗೆ ತಿಳಿಯಿತು.

"ಹತ್ತವಲ್ದೋ! ಬ್ರೇಕ್ ಹತ್ತವಲ್ದು!"

ಪೆಡಲು ಕಲ್ಲಾಗಿತ್ತು. ಕಬ್ಬಿನ ತುದಿಗಳು ಗಾಜಿನ ಮುಂದೆ ದೊಡ್ಡವಾಗುತ್ತ ಬಂದವು. ನನ್ನ ಕೈ ಹೇಗೆ ಕೀಲಿಗೆ ಹೋಯಿತೋ ಅರಿಯೆ, ತಿರುಗಿಸಿ "ಗೇರ್ ಹಾಕ್ರಿ!" ಎಂದು ಕೂಗಿದೆ. ಅಪ್ಪ ಕ್ಲಚ್ಚು ತುಳಿದು ಮೂರನೆಯ ಗೇರಿಗೆ ಎಳೆದು ಬಿಟ್ಟರು. ಓಡುವ ಗಾಲಿಗಳೇ ಎಂಜಿನನ್ನು ಹೊಡೆದೆಬ್ಬಿಸಿದವು. ಕಾರು ಕೆಮ್ಮಿ ಜಗ್ಗಿತು, ಎಂಜಿನು ಉಸಿರೆಳೆಯಿತು, ಆ ಕ್ಷಣಕ್ಕೆ ಪೆಡಲು ಮೆತ್ತಗೆ ಕೆಳಗಿಳಿಯಿತು. ನಾವು ನಿಂತಾಗ ಕಬ್ಬಿಗೂ ನಮ್ಮ ಬಾನೆಟ್ಟಿಗೂ ಒಂದು ಮೊಳದ ಅಂತರ. ಟ್ರ್ಯಾಕ್ಟರಿನವನು ಹಾಡು ಹಾಕಿಕೊಂಡು ಮುಂದೆ ಹೋದ, ಅವನಿಗೆ ಏನೂ ತಿಳಿಯಲಿಲ್ಲ. ಅವ್ವ ಎಚ್ಚತ್ತು "ಊರ ಬಂತೇನು?" ಎಂದು ಕೇಳಿದಳು. ಅಪ್ಪ ಚಕ್ರದ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.

ಮರುದಿನ ಮಿಸ್ತ್ರಿ ಎಲ್ಲವನ್ನೂ ಬಿಚ್ಚಿ ನೋಡಿ, ಯಾವುದೂ ಕೆಟ್ಟಿಲ್ಲವೆಂದ. ನನಗೆ ಸಿಟ್ಟು ಬಂತು. ಅವನು ಹೇಳಿದ್ದೇ ಸರಿಯಾಗಿತ್ತು. ಎಂಜಿನು ನಿಂತರೆ ಹೀರಿಕೆ ನಿಂತಿತು. ಡಬ್ಬಿಯಲ್ಲಿ ಕೂಡಿಟ್ಟ ನಿರ್ವಾತವನ್ನು ಒಮ್ಮುಖದ ಕವಾಟವೊಂದು ಕಾದಿರಿಸುತ್ತದೆ, ನಿಜ. ಆದರೆ ಅದು ಎರಡು ಮೂರು ತುಳಿತಗಳ ಬುತ್ತಿ ಮಾತ್ರ. ಅನಂತರ ಬ್ರೇಕು ಇಲ್ಲವಾಗುವುದಿಲ್ಲ, ಬೂಸ್ಟರಿನೊಳಗಿಂದಲೇ ಆಯಿಲ್ಲು ಹಾದು ಗಾಲಿಗಳಿಗೆ ಹೋಗುತ್ತದೆ, ಕಾಲಿನ ಬಲವಷ್ಟನ್ನೇ ಹೊತ್ತುಕೊಂಡು. ಅಂದರೆ ಆ ಸಂಜೆ ಅಪ್ಪನ ಪಾದದ ಕೆಳಗೆ ಇದ್ದದ್ದು 1970ರಿಂದ ಅವರು ಬಲ್ಲ ಅದೇ ಹಳೆಯ ಬ್ರೇಕು. ಅದನ್ನು ತುಳಿಯುತ್ತಿದ್ದ ಹಳೆಯ ಕಾಲು ಮಾತ್ರ ಉಳಿದಿರಲಿಲ್ಲ. ಒಂದು ವರ್ಷದ ಸುಖ ಐವತ್ತು ವರ್ಷಗಳ ಅಭ್ಯಾಸವನ್ನು ಮರೆಸಿತ್ತು. ಬೂಸ್ಟರು ಕೂಡಿಸಿದ ದಿನ ಈ ಮಾತನ್ನು ಕೇಳಿ ತಿಳಿದುಕೊಳ್ಳಬೇಕಾದವನು ಓದಿದ ಮಗನಾದ ನಾನು. ಕೇಳಲಿಲ್ಲ.

ಅಂದಿನಿಂದ ಪೆಡಲಿನ ಭಾಷೆಯನ್ನು ಕಲಿತಿದ್ದೇನೆ. ಹಳೆಯ ಕಾರಿಗೆ ಬೂಸ್ಟರು ಇರುವವರೆಲ್ಲ ಇಷ್ಟನ್ನಾದರೂ ಅರಿತಿರಬೇಕು: ಪೆಡಲು ಗಟ್ಟಿಯಾಗುವುದು ಒಂದು ರೋಗ, ಮೆತ್ತಗಾಗುವುದು ಬೇರೆಯೇ ರೋಗ. ಗಟ್ಟಿಯಾದರೆ ಸಂಶಯ ನಿರ್ವಾತದ ಕಡೆ: ಹೋಸು ಸೀಳಿರಬಹುದು, ಕವಾಟ ಕೆಟ್ಟಿರಬಹುದು, ಪರದೆ ಹರಿದಿರಬಹುದು. ಪರದೆ ಹರಿದಿದ್ದರೆ ಎಂಜಿನಿಗೆ ಬೇಡದ ಗಾಳಿ ನುಗ್ಗಿ, ನಿಂತಲ್ಲಿ ಅದರ ಓಟ ತಾಳ ತಪ್ಪುತ್ತದೆ, ಪೆಡಲಿನ ಹತ್ತಿರವೋ ಬಾನೆಟ್ಟಿನೊಳಗೋ ಹಾವು ಬುಸುಗುಟ್ಟಿದಂತೆ ಸದ್ದೂ ಕೇಳಬಹುದು. ಪೆಡಲು ರಬ್ಬರಿನ ಚೆಂಡಿನಂತೆ ಮೆತ್ತಗಾದರೆ ಕೊಳವೆಗಳಲ್ಲಿ ಗಾಳಿ ಸೇರಿದೆ. ತುಳಿದು ಹಿಡಿದಾಗ ನಿಧಾನವಾಗಿ ನೆಲಕ್ಕಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ, ಇಲ್ಲವೆ ಎಲ್ಲಿಯೋ ಸೋರುತ್ತಿದೆ. ಕಾರು ಒಂದು ಬದಿಗೆ ಎಳೆದರೆ ಗಾಲಿಯನ್ನು ಬಿಚ್ಚಿ ನೋಡಬೇಕು. ಬೂಸ್ಟರು ಪಕ್ಷಪಾತ ಮಾಡುವುದಿಲ್ಲ. ಬ್ರೇಕು ಬಿಟ್ಟ ಮೇಲೂ ಗಾಲಿಗಳು ಬಿಸಿಯಾಗಿಯೇ ಇದ್ದರೆ ಮಾತ್ರ ಬೂಸ್ಟರು ಹಿಡಿದದ್ದನ್ನು ಬಿಡದೆ ಹಟ ಹಿಡಿದಿರಬಹುದು.

ಪರೀಕ್ಷೆ ಸುಲಭ. ಎಂಜಿನು ನಿಂತಿರುವಾಗ ಪೆಡಲನ್ನು ನಾಲ್ಕೈದು ಸಲ ತುಳಿದು ಉಳಿದ ನಿರ್ವಾತವನ್ನು ತೀರಿಸಬೇಕು. ಪೆಡಲು ಗಟ್ಟಿಯಾದ ಮೇಲೆ ಕಾಲನ್ನು ಅದರ ಮೇಲೆಯೇ ಒತ್ತಿಟ್ಟು ಎಂಜಿನ್ ಹೊರಡಿಸಬೇಕು. ಬೂಸ್ಟರು ಜೀವಂತವಿದ್ದರೆ ಪೆಡಲು ಪಾದದ ಕೆಳಗೆ ತಾನಾಗಿ ಸ್ವಲ್ಪ ಕುಸಿಯುತ್ತದೆ. ಇಳಿಯದಿದ್ದರೆ ಆ ದಿನ ಕಾರು ಮನೆಯಲ್ಲಿರಲಿ. ಕವಾಟವನ್ನು ಪರೀಕ್ಷಿಸುವವರು ಎಂಜಿನನ್ನು ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದು ತುಳಿದು ನೋಡಲಿ. ಮೊದಲ ಒಂದೆರಡು ತುಳಿತಗಳು ಹಗುರಾಗಿರಬೇಕು.

ಇಷ್ಟೆಲ್ಲ ಕಲಿತ ಮೇಲೂ ಮರುವರ್ಷ ಇನ್ನೊಂದು ಒಗಟು ಎದುರಾಯಿತು. ಬ್ರೇಕ್ ಆಯಿಲ್ಲು ವಾರ ವಾರ ಕಡಿಮೆಯಾಗತೊಡಗಿತು. ನಾಲ್ಕೂ ಗಾಲಿಗಳನ್ನು ಬಿಚ್ಚಿದೆವು, ಹನಿಯೂ ಇಲ್ಲ. ಕೊಳವೆಗಳ ಉದ್ದಕ್ಕೂ ಬಟ್ಟೆಯಾಡಿಸಿದೆವು, ಒಣಗಿತ್ತು. ನಮ್ಮಂಥ ಹಳೆಯ ಕಾರಿಗೆ ನಾಲ್ಕು ಗಾಲಿಗೂ ಒಂದೇ ಆಯಿಲ್ಲಿನ ದಾರಿ, ಅದು ಬರಿದಾದರೆ ನಾಲ್ಕೂ ಒಮ್ಮೆಗೇ ಹೋದವು. ಈಗಿನ ಕಾರುಗಳಂತೆ ಎರಡು ದಾರಿಗಳಿಲ್ಲ. ರಸ್ತೆಬದಿಯ ಗ್ಯಾರೇಜೊಂದರಲ್ಲಿ 'ಹಳೆಯ ಗಾಡಿ ಸಾಹೇಬರೆ, ಕುಡೀತೈತಿ' ಎಂದು ನಕ್ಕು, ಎಂಜಿನ್ ಆಯಿಲ್ಲನ್ನೇ ಸ್ವಲ್ಪ ಸುರಿದುಕೊಳ್ಳಿರೆಂದು ಸಲಹೆಯನ್ನೂ ಕೊಟ್ಟರು. ಪುಣ್ಯಕ್ಕೆ ನಾನು ಒಪ್ಪಲಿಲ್ಲ. ಖನಿಜ ತೈಲ ತಗಲಿದರೆ ಬ್ರೇಕಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ನಮ್ಮ ಮಿಸ್ತ್ರಿ ಬಂದವನು ಗಾಲಿಗಳ ಕಡೆ ನೋಡಲೇ ಇಲ್ಲ. ಎಂಜಿನ್ ಹೊರಡಿಸಿ ಹಿಂದೆ ಹೋಗಿ ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬಿಳಿಯ ಹೊಗೆ ಬರುತ್ತಿತ್ತು. ಮಳೆಗಾಲದ ತೇವವೆಂದು ನಾವು ಲೆಕ್ಕಿಸಿರಲಿಲ್ಲ. ಅವನು ಎದ್ದು ಬಂದು ಎಂಜಿನ್ನಿಗೂ ಬೂಸ್ಟರಿಗೂ ನಡುವಿನ ಹೋಸನ್ನು ಕಿತ್ತು, ಒಳಗೆ ಬೆರಳಾಡಿಸಿ, ನನ್ನ ಮುಂದೆ ಹಿಡಿದ. ಬೆರಳು ಒದ್ದೆಯಾಗಿತ್ತು.

"ಕಳ್ಳ ಮನ್ಯಾಗ ಅದಾನ್ರೀ ಮಾಸ್ತರ. ನೀವು ಊರೆಲ್ಲ ಹುಡಕಾಕತ್ತೀರಿ."

ಬೂಸ್ಟರಿನೊಳಗಿನ ಸಿಲಿಂಡರಿನ ರಬ್ಬರು ವಾಷರು ಸವೆದು ಆಯಿಲ್ಲು ಡಬ್ಬಿಯೊಳಕ್ಕೆ ಜಿನುಗುತ್ತಿತ್ತು. ಎಂಜಿನು ಅದನ್ನು ಹೋಸಿನ ಮೂಲಕ ಹೀರಿ ಸುಟ್ಟು ಹೊಗೆಮಾಡುತ್ತಿತ್ತು. ನೆಲಕ್ಕೆ ಹನಿ ಬೀಳುವುದೆಲ್ಲಿಂದ? ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಮೈ ತುಕ್ಕು ಹಿಡಿದು ಗೀಚುಬಿದ್ದಿತ್ತು. ಹೊಸ ವಾಷರು ಹಾಕಿದರೆ ಅದನ್ನೂ ಕೆಲವೇ ದಿನಗಳಲ್ಲಿ ತಿಂದುಹಾಕುವಷ್ಟು. ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥಿನ ಕೆಲಸಕ್ಕೆ ಬರವಿಲ್ಲ. ಅಲ್ಲಿಯ ಒಬ್ಬ ಕುಶಲಿ ಒಳಮೈಯನ್ನು ಕೊರೆದು, ತುಕ್ಕು ಹಿಡಿಯದ ಉಕ್ಕಿನ ತೋಳೊಂದನ್ನು ಕೂಡಿಸಿಕೊಟ್ಟ. ಅದು ಇಂದಿಗೂ ಚೆನ್ನಾಗಿದೆ.

ತುಕ್ಕಿಗೆ ಕಾರಣ ನಮ್ಮ ಜಿಪುಣತನವೇ. ಬ್ರೇಕ್ ಆಯಿಲ್ಲು ಗಾಳಿಯಲ್ಲಿನ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. 'ಡಾಟ್ 3' ಎಂಬ ದರ್ಜೆಯದು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿನ ಉದ್ದಕ್ಕೂ ಬ್ರೇಕನ್ನು ಒತ್ತಿಯೇ ಇಳಿಯುವವರ ಕಾರಿನಲ್ಲಿ ಅದು ಕುದಿದು ಆವಿಯಾಗಿ ಪೆಡಲು ಹತ್ತಿಯಂತಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬಸಿದು ಹೊಸದನ್ನು ತುಂಬಬೇಕು, ತೆರೆದಿಟ್ಟ ಡಬ್ಬಿಯದು ಬೇಡ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು. ನಮ್ಮ ಬಿಳಿ ಕುದುರೆಯ ಬಲಭುಜದಲ್ಲಿ ನಾನು ಮಾಡಿದ ಗಾಯದ ಗುರುತು ಇಂದಿಗೂ ಇದೆ.

ಹೋಸಿನ ಬಗೆಗೂ ಒಂದು ಮಾತು. ಪೆಟ್ರೋಲಿಗೆ ಹಾಕುವ ಸಾಮಾನ್ಯ ಹೋಸನ್ನು ಇಲ್ಲಿ ಹಾಕುವವರಿದ್ದಾರೆ. ಅದು ಒಳಗಿನಿಂದ ನೂಕುವ ಒತ್ತಡವನ್ನು ತಾಳೀತು, ಹೀರಿಕೆಯನ್ನು ತಾಳಲಾರದು. ಬೆಳಗಿನ ತಂಪಿನಲ್ಲಿ ಚೆನ್ನಾಗಿದ್ದು, ಎಂಜಿನು ಕಾದ ಮೇಲೆ ಕುಡಿದು ಮುಗಿದ ಎಳನೀರಿನ ಕಡ್ಡಿಯಂತೆ ಚಪ್ಪಟೆಯಾಗುತ್ತದೆ, ಆಗ ಪೆಡಲು ಗಟ್ಟಿ! ಬೂಸ್ಟರಿಗೆ ಗಾಳಿ ಬಿಡುವ ಜಾಲರಿಯನ್ನು ಕಬ್ಬಿನ ಹಂಗಾಮು ಮುಗಿದೊಡನೆ ಸ್ವಚ್ಛಮಾಡಬೇಕು, ನಮ್ಮ ಹೊಲದ ದಾರಿಗಳ ಧೂಳು ಯಾವ ಜಾಲರಿಯನ್ನೂ ಬಿಟ್ಟಿದ್ದಿಲ್ಲ. ಇನ್ನು ಗಾಲಿ ಬಿಚ್ಚಿದಾಗ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದುವ ಚಾಳಿ ಎಲ್ಲೆಡೆ ಇದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕೆಂದು ಮಿಸ್ತ್ರಿಯೊಡನೆ ನಾನು ಜಗಳವಾಡಿ ಗೆದ್ದ ಏಕೈಕ ವಿಷಯ ಇದು.

ಇಂಥ ಕಾರುಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ಎಂಬ ಪ್ರತ್ಯೇಕ ಜಾತಿಯನ್ನು ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದಿರಬೇಕು. ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಮಾರ್ಪಾಡಾಗಿರಬಾರದು. 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರಗಳುಳ್ಳ ಸಂಖ್ಯೆಯನ್ನು ಹತ್ತು ವರ್ಷಗಳಿಗೆ ಕೊಡುತ್ತಾರೆ. ಆದರೆ ಆ ಗೌರವ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಪ್ಪನಿಗೆ ಇದನ್ನು ಓದಿ ಹೇಳಿದೆ. "ಸಂತಿಗೆ ಹೋಗದ ಕಾರ್ ತಗೊಂಡು ಏನ ಮಾಡೂದು?" ಎಂದು ಅವರು ಪತ್ರಿಕೆಯನ್ನು ಮಡಿಸಿಟ್ಟರು.

ಘಾಟಿನ ದಾರಿ ಬಂದರೆ ಈಗ ಚಕ್ರ ನನ್ನ ಕೈಗೆ ಬರುತ್ತದೆ. ಇದನ್ನು ನಾನು ಕೇಳಲಿಲ್ಲ. ಒಂದು ದಿನ ಹತ್ತರಗಿ ದಾಟಿದ ಮೇಲೆ ಅಪ್ಪ ತಾವಾಗಿಯೇ ಕಾರನ್ನು ಬದಿಗೆ ನಿಲ್ಲಿಸಿ ಇಳಿದು ಈಚೆಗೆ ಬಂದು ಕುಳಿತರು. ಊರ ಸುತ್ತಿನ ಸವಾರಿಯೆಲ್ಲ ಅವರದೇ. ಎಂಜಿನು ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ. ಕೀಲಿಯ ಕಡೆ ಅವರ ಕೈ ಇನ್ನೂ ಒಮ್ಮೊಮ್ಮೆ ಹೋಗುತ್ತದೆ, ಅರ್ಧದಲ್ಲಿಯೇ ತಿರುಗಿ ಮೀಸೆಯ ಮೇಲೆ ಬರುತ್ತದೆ. ಘಾಟಿನ ಕಥೆ ಪೂರ್ತಿ ತಿಳಿದ ಅವ್ವ ಈಗ ಪರೀಕ್ಷಾಧಿಕಾರಿಯಾಗಿದ್ದಾಳೆ. ಸಂತೆಯ ಚೀಲ ಹಿಡಿದು ಕಾರಿನ ಹೊರಗೆ ನಿಂತು, ಬಾಗಿಲು ತೆರೆದಿಟ್ಟುಕೊಂಡೇ ಕೇಳುತ್ತಾಳೆ:

"ನಾಕ ಸಲ ತುಳದ್ರ್ಯಾ?"

ಅಪ್ಪ ತುಳಿಯುತ್ತಾರೆ. ಐದನೆಯ ಸಲಕ್ಕೆ ಕಾಲನ್ನು ಒತ್ತಿಟ್ಟು ಕೀಲಿ ತಿರುಗಿಸುತ್ತಾರೆ. ಎಂಜಿನು ಹೊರಟಾಗ ಅವರು ಒಂದು ಕ್ಷಣ ಕಣ್ಣು ಮುಚ್ಚಿ, ಪಾದದ ಕೆಳಗಿನ ಸುದ್ದಿಯನ್ನು ಆಲಿಸುತ್ತಾರೆ.

"ಇಳೀತು" ಎನ್ನುತ್ತಾರೆ.

ಆಗ ಅವ್ವ ಹತ್ತಿ ಕುಳಿತು ಬಾಗಿಲು ಹಾಕಿಕೊಳ್ಳುತ್ತಾಳೆ.